ಡಬ್ಬಿ ಖಾಲಿ ಕೊಡಬಾರದು

ಅಕ್ಟೋಬರ್ ಮೊದಲ ವಾರ ನಮ್ಮ ಮನೆ ಮಾಲೀಕರ ತಾಯಿ ತಮ್ಮ ಮಂಚವನ್ನು ಒಳಗಿನಿಂದ ಅಂಗಳಕ್ಕೆ ತರಿಸುತ್ತಾರೆ. ಭೋರಿನಲ್ಲಿ ನನ್ನ ಮಟ್ಟಿಗೆ ಮಳೆಗಾಲ ಮುಗಿಯುವುದು ಅವತ್ತೇ. ಓಣಿಯವರೆಲ್ಲ ಅವರನ್ನು ಆಜಿ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಆ ಹೊತ್ತಿಗೆ ವರಂಧಾ ಘಾಟಿನ ಕಡೆಯಿಂದ ಬರುವ ಮೋಡಗಳು ಸುಸ್ತಾಗಿರುತ್ತವೆ, ಪಶ್ಚಿಮದ ಕಣಿವೆಗಳಲ್ಲಿ ಭತ್ತದ ತೆನೆ ಬಾಗಿರುತ್ತದೆ. ಹಾಗಂತ ಚಳಿ ಬಂದಿರುವುದಿಲ್ಲ. ಮಳೆಗೂ ಚಳಿಗೂ ನಡುವೆ ಮೂರು ನಾಲ್ಕು ವಾರ ಇನ್ನೊಂದು ಬೇಸಿಗೆ ಬಂದು ಕೂರುತ್ತದೆ. ನೀವು ಪುಣೆಯವರಾದರೆ ಗೊತ್ತಿರುತ್ತದೆ, ಇದಕ್ಕೆ ಇಲ್ಲಿ ಎಲ್ಲರೂ ‘ಅಕ್ಟೋಬರ್ ಹೀಟ್’ ಅನ್ನುತ್ತಾರೆ, ಅಚ್ಚ ಮರಾಠಿಯಲ್ಲಿ ಮಾತಾಡುವ ಆಜಿ ಕೂಡ.

ಈ ಎರಡನೇ ಬೇಸಿಗೆಯಲ್ಲಿ ಜನ ಕೂರುವ ರೀತಿಯನ್ನು ನಾನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಸಂಜೆ ಎಲ್ಲರೂ ಹೊರಗೆ ಬರುತ್ತಾರೆ, ಆದರೆ ಒಬ್ಬರಿಗೊಬ್ಬರು ದೂರ. ಆಜಿ ಮಂಚದಲ್ಲಿ, ಎದುರು ಮನೆಯ ಕಾಕೂ ತಮ್ಮ ಮೆಟ್ಟಿಲಲ್ಲಿ, ಗಂಡಸರು ಬೈಕಿನ ಮೇಲೆ. ಮಾತು ಓಣಿಯ ಈ ಬದಿಯಿಂದ ಆ ಬದಿಗೆ ಹಾರುತ್ತದೆ. ಬೀಸಣಿಗೆಯ ಗಾಳಿಗೆ ಜಾಗ ಬೇಕಲ್ಲ! ದೀಪಾವಳಿ ಕಳೆದ ಮೇಲೆ ಅದೇ ಜನ ಒಂದೊಂದೇ ಅಡಿ ಹತ್ತಿರ ಬರುತ್ತಾರೆ. ಡಿಸೆಂಬರಿನಲ್ಲಿ ಓಣಿಯ ತುದಿಯಲ್ಲಿ ಒಣಗಿದ ಕಟ್ಟಿಗೆ, ರಟ್ಟಿನ ಪೆಟ್ಟಿಗೆ ಹಾಕಿ ಶೇಕೋಟಿ ಹಚ್ಚಿದಾಗ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ನಮ್ಮ ಕಡೆ ‘ಬೆಂಕಿ ಕಾಸಕೋತ ಕುಂದ್ರೋದು’ ಅನ್ನುತ್ತೇವಲ್ಲ, ಅದೇ.

ನಾವು ಜಮಖಂಡಿ ಕಡೆಯವರು. ಮನೆಯವರಿಗೆ ನೀರಾ ನದಿ ದಾಟಿದರೆ ಸಿಗುವ ಶಿರವಳದ ಒಂದು ಕಾರ್ಖಾನೆಯಲ್ಲಿ ಕೆಲಸ. ನಾನು ಪುಣೆಯ ಒಂದು ಕಚೇರಿಯ ಲೆಕ್ಕಪತ್ರಗಳನ್ನು ಮನೆಯಿಂದಲೇ ನೋಡುತ್ತೇನೆ. ಪುಣೆಯ ಬಾಡಿಗೆ ಕೊಡಲಾಗದೆ ಬಂದವರು ಅಂದರೆ ನಿಜ ಹೇಳಿದಂತಾಗುತ್ತದೆ. ಹೊಸಬರಿಗೆ ಮಾತ್ರ ‘ನಮಗೆ ಹಳೇ ಊರು ಇಷ್ಟ’ ಅನ್ನುತ್ತೇವೆ. ಹಳೇ ಊರೇನೋ ಹೌದು. ಪಂತ ಸಚಿವರ ಸಂಸ್ಥಾನದ ರಾಜಧಾನಿ, 1869ರಲ್ಲಿ ಕಟ್ಟಿದ ರಾಜವಾಡೆ ಇನ್ನೂ ನಿಂತಿದೆ, ಸಿನಿಮಾದವರು ಬಂದು ಹೋಗುತ್ತಾರೆ. 1948ರಲ್ಲಿ ಭೋರ್ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ಜಮಖಂಡಿ ಸಂಸ್ಥಾನವೂ ಅದೇ ವರ್ಷ ಅದೇ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ‘ಎಂಟು ವರ್ಷ ನಾವು ನೀವು ಒಂದೇ ಸರಕಾರದ ಪ್ರಜೆಗಳು’ ಎಂದು ನಮ್ಮ ಮನೆಯವರು ಇಲ್ಲಿಯವರಿಗೆ ಹೇಳಿ ನಗಿಸುತ್ತಾರೆ. ಪ್ರತಿ ವರ್ಷ ಅದೇ ಜೋಕು.

ನಾನು ಬರೆಯಬೇಕೆಂದಿರುವುದು ಹೋದ ವರ್ಷದ, ಅಂದರೆ 2024ರ ಆ ಮೂರು ತಿಂಗಳ ಬಗ್ಗೆ. ಮೊದಲಿಗೆ ಕೋಜಾಗಿರಿ.

ಆಶ್ವಿನ ಹುಣ್ಣಿಮೆಯ ರಾತ್ರಿ ಇಲ್ಲಿ ಮನೆಮಂದಿ, ಓಣಿಮಂದಿ ಟೆರೇಸಿನಲ್ಲಿ ಸೇರುತ್ತಾರೆ. ದೊಡ್ಡ ಕಡಾಯಿಯಲ್ಲಿ ಹಾಲು ಕಾಯಿಸಿ, ಕೇಸರಿ, ಜಾಯಿಕಾಯಿ, ಬಾದಾಮಿ, ಚಾರೋಳಿ ಹಾಕಿ, ಚಂದ್ರನ ಬಿಂಬ ಹಾಲಲ್ಲಿ ಬೀಳುವಂತೆ ಇಟ್ಟು, ಆಮೇಲೆ ಕುಡಿಯುವುದು. ಆ ರಾತ್ರಿ ಲಕ್ಷ್ಮಿ ಮನೆಮನೆಯ ಮೇಲೆ ಹಾದುಹೋಗುತ್ತ ‘ಕೋ ಜಾಗರ್ತಿ’, ಯಾರು ಎಚ್ಚರವಿದ್ದೀರಿ, ಎಂದು ಕೇಳುತ್ತಾಳಂತೆ. ಅದಕ್ಕೇ ಆ ಹೆಸರು. ಹಗಲು ಬೆವರು ಸುರಿಸಿದ ಮೈಗೆ ಆ ರಾತ್ರಿ ಮೊದಲ ಬಾರಿ ಸಣ್ಣಗೆ ತಂಪು ತಾಗುತ್ತದೆ. ಹೆಂಗಸರು ಸೆರಗು ಹೊದೆಯುತ್ತಾರೆ. ಕಾಲ ಮಗ್ಗಲು ಬದಲಿಸುವುದು ಅಲ್ಲೇ ಎಲ್ಲೋ ಇರಬೇಕು.

ಟೆರೇಸಿನಿಂದ ಕೆಳಗೆ ನೋಡಿದರೆ ನಮ್ಮ ಹಿಂದಿನ ಜಾಗದಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿತ್ತು. ಪಕ್ಕದಲ್ಲಿ ಐದಾರು ತಗಡಿನ ಶೆಡ್ಡುಗಳು. ಮೂರು ಕಲ್ಲಿನ ಒಲೆ, ಹೊಗೆ, ರೊಟ್ಟಿ ಬಡಿಯುವ ಸದ್ದು. ಆ ಸದ್ದನ್ನು ಜಮಖಂಡಿಯವಳಾದ ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಕಾಕೂ ನನ್ನ ಪಕ್ಕ ಬಂದು ನಿಂತು ಸಹಜವಾಗಿ ಕೇಳಿದರು, “ಅವರು ನಿಮ್ಮವರೇ ಅಲ್ಲವಾ? ಕಾನಡಿ ಮಾತಾಡುತ್ತಾರೆ.”

ನಾನು ಅಂದೆ, “ಅವರು ಯಾದಗಿರಿ ಕಡೆಯವರು. ನಾವು ಜಮಖಂಡಿ.”

ಕಾಕೂಗೆ ಅದೂ ಇದೂ ಒಂದೇ. ‘ಹಾಂ’ ಎಂದು ಹಾಲಿನ ಕಡೆ ಹೋದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾದಗಿರಿಗೂ ಜಮಖಂಡಿಗೂ ದೂರವಿದೆ, ಮಾತಿನ ಧಾಟಿ ಬೇರೆ. ಆದರೆ ಅದೇ ಕಾಕೂ, ಬೆಂಗಳೂರಿನಿಂದ ಶಿರವಳಕ್ಕೆ ಬಂದ ಮ್ಯಾನೇಜರರ ಹೆಂಡತಿಯನ್ನು ತೋರಿಸಿ ‘ನಿಮ್ಮವರಲ್ಲವಾ’ ಎಂದಿದ್ದರೆ ನಾನು ಭೂಗೋಳ ಹೇಳುತ್ತಿರಲಿಲ್ಲ. ಹೌದು ನಮ್ಮವರೇ ಅನ್ನುತ್ತಿದ್ದೆ. ಅವರ ಕನ್ನಡ ನನಗೆ ಅರ್ಧ ಅರ್ಥವಾಗದಿದ್ದರೂ.

ಆ ಶೆಡ್ಡಿನ ಒಬ್ಬ ಹೆಣ್ಣುಮಗಳು ನನಗೆ ಅದಕ್ಕೂ ಮೊದಲೇ ಪರಿಚಯವಾಗಿದ್ದಳು. ಕಿರಾಣಿ ಅಂಗಡಿಯಲ್ಲಿ ಹೆಸರುಬೇಳೆ ಬೇಕೆಂದು ಹಿಂದಿ, ಕನ್ನಡ, ಕೈಸನ್ನೆ ಮೂರನ್ನೂ ಕಲಸಿ ಹೇಳುತ್ತಿದ್ದಳು. ಅಂಗಡಿಯವನು ತೊಗರಿಬೇಳೆ ತೂಗುತ್ತಿದ್ದ. ನಾನು ನಡುವೆ ಬಾಯಿ ಹಾಕಿ ಮೂಗಡಾಳ ಎಂದೆ. ಆಕೆ ನನ್ನ ಕಡೆ ತಿರುಗಿ, “ಅಯ್ಯ, ನೀವು ನಮ್ಮೋರೇ ಅದೀರಿ!” ಎಂದು ಕೈ ಹಿಡಿದುಕೊಂಡಳು. ಎಲ್ಲಿಯವರು, ಏನು ಎಂದು ಕೇಳಲೇ ಇಲ್ಲ. ಕೇಳಿದ್ದು ಒಂದೇ: “ಇಲ್ಲಿ ಜ್ವಾಳ ಎಲ್ಲಿ ಚೊಲೋ ಸಿಗ್ತಾವ್ರಿ ಅಕ್ಕೋರ?”

ಇನ್ನು ದೀಪಾವಳಿ. ಇಲ್ಲಿಯ ದೀಪಾವಳಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಮಕ್ಕಳ ಕೋಟೆ. ರೋಹಿಡಾದಂಥ ನಿಜವಾದ ಕೋಟೆ ಹತ್ತಿರದಲ್ಲೇ ಇರುವ ಊರಲ್ಲಿ ಮಕ್ಕಳು ಅಂಗಳದಲ್ಲಿ ಕಲ್ಲು, ಮಣ್ಣು, ಗೋಣಿಚೀಲ ಸೇರಿಸಿ ಕಿಲ್ಲಾ ಕಟ್ಟುತ್ತಾರೆ, ಸಾಸಿವೆ ಚೆಲ್ಲಿ ಹಸಿರು ಬರಿಸುತ್ತಾರೆ, ಮೇಲೆ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಇನ್ನೊಂದು ಸಂಗತಿ ಫರಾಳ. ಚಕಲಿ, ಕರಂಜಿ, ಶಂಕರಪಾಳಿ, ಚಿವಡಾ ತುಂಬಿದ ಡಬ್ಬಿಗಳು ಮನೆಯಿಂದ ಮನೆಗೆ ಓಡಾಡುತ್ತವೆ. ನಾವು ಬಂದ ಮೊದಲ ವರ್ಷ ಆಜಿ ಕಳಿಸಿದ ಡಬ್ಬಿಯನ್ನು ನಾನು ಚೆನ್ನಾಗಿ ತಿಕ್ಕಿ, ಒರೆಸಿ, ಥಳಥಳ ಹೊಳೆಯುವಂತೆ ಮಾಡಿ ವಾಪಸು ಕೊಟ್ಟೆ. ಆಜಿ ಮುಚ್ಚಳ ತೆಗೆದು ಒಳಗೆ ನೋಡಿದರು. ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು, ಆ ಡಬ್ಬಿಯಲ್ಲಿ ಹಾಕಿ, ನನ್ನ ಕೈಗೆ ಕೊಟ್ಟು, “ಈಗ ನನಗೆ ಕೊಡು” ಎಂದರು. ನಾನು ಕೊಟ್ಟೆ. ಅವರು ತೆಗೆದುಕೊಂಡರು.

ನನ್ನ ಅವ್ವನೂ ಖಾಲಿ ಪಾತ್ರೆ ವಾಪಸು ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯಾದರೂ ಹಾಕುತ್ತಿದ್ದಳು. ನಾನೇ ಪುಣೆಯ ಫ್ಲಾಟಿನಲ್ಲಿ ಆರು ವರ್ಷ ಇದ್ದು ಮರೆತಿದ್ದೆ. ಅಲ್ಲಿ ಪಾತ್ರೆಗಳು ಹೊಸ್ತಿಲು ದಾಟುತ್ತಿರಲಿಲ್ಲ, ಆರ್ಡರ್ ಮಾಡಿದ ಊಟದ ಪ್ಲಾಸ್ಟಿಕ್ ಡಬ್ಬಿಗಳಿಗೆ ಯಾರ ಋಣವೂ ಇರುವುದಿಲ್ಲ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ. ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತಿರುಗಿ ಕೊಡಬೇಕು; ಈ ಮೂರು ಕಟ್ಟುಪಾಡುಗಳ ಮೇಲೆ ಎಷ್ಟೋ ಸಮಾಜಗಳು ನಿಂತಿವೆ ಎಂಬುದು ಅವನ ಮಾತು. ತಿರುಗಿ ಕೊಡಲಾಗದ ದಾನ ಪಡೆದವನನ್ನು ಕೆಳಗಿಳಿಸುತ್ತದೆ ಎಂದೂ ಅವನು ಹೇಳಿದ. ಇದನ್ನು ಆಜಿ ಚಿಟಿಕೆ ಸಕ್ಕರೆಯಲ್ಲಿ ಹೇಳಿದ್ದರು. ಖಾಲಿ ಡಬ್ಬಿ ಕೊಟ್ಟಾಗ ನಾನು ಬರೀ ಪಡೆದವಳಾಗಿದ್ದೆ. ಸಕ್ಕರೆ ಹಾಕಿಸಿ ಆಜಿ ನನ್ನನ್ನು ತಮ್ಮ ಸಮಕ್ಕೆ ಎಳೆದುಕೊಂಡರು. ಅದೂ ತಮ್ಮದೇ ಸಕ್ಕರೆಯಿಂದ!

ರಾಜ್ಯೋತ್ಸವಕ್ಕೆ ಬರುತ್ತೇನೆ. ಭೋರ್, ಶಿರವಳ, ನಸರಾಪುರ ಸೇರಿ ನಮ್ಮದು ಹದಿನೈದಿಪ್ಪತ್ತು ಕನ್ನಡ ಮನೆಗಳ ಗುಂಪು. ಸಂಘ ಅಲ್ಲ, ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. ಹಾಗಾಗಿ ಜಗಳವೂ ಕಡಿಮೆ. 2024ರಲ್ಲಿ ನವೆಂಬರ್ 1 ದೀಪಾವಳಿಯ ನಡುವೆ ಬಂದಿದ್ದರಿಂದ 10ನೇ ತಾರೀಖಿನ ಭಾನುವಾರ ಸೇರಿದೆವು. ಒಬ್ಬರ ಮನೆಯ ಟೆರೇಸು, ಶಾಮಿಯಾನ, ಕೆಂಪು ಹಳದಿ ಬಾವುಟ. ಬೆಂಗಳೂರಿನವರು ಬಿಸಿಬೇಳೆಬಾತ್, ಮಂಗಳೂರಿನವರು ನೀರುದೋಸೆ, ನಾವು ಉತ್ತರದವರು ಎಣ್ಣೆಗಾಯಿ. ರೊಟ್ಟಿ ಯಾರು ಬಡಿಯುವುದು? ನೂರೈವತ್ತು ರೊಟ್ಟಿ! ನಾನೇ ಹೇಳಿದೆ, ನಮ್ಮ ಹಿಂದಿನ ಶೆಡ್ಡಿನಲ್ಲಿ ಒಬ್ಬಾಕೆ ಇದ್ದಾಳೆ, ಚೆನ್ನಾಗಿ ಬಡಿಯುತ್ತಾಳೆ ಎಂದು.

ರೊಟ್ಟಿಗೆ 10 ರೂಪಾಯಿಯಂತೆ ಮಾತಾಯಿತು. ಗುಂಪಿನಲ್ಲೊಬ್ಬರು “ಹಿಟ್ಟು ನಮ್ಮದೇ ಅಲ್ವಾ, 8 ಮಾಡ್ಕೊಳ್ಳಿ” ಅಂದರು. ಆಕೆ ನಕ್ಕು, “ಕೈ ನಂದದಲ್ರಿ” ಅಂದಳು. ಹತ್ತೇ ಆಯಿತು. ಬೆಳಗಿನ ಆರಕ್ಕೆ ಬಂದು, ಗ್ಯಾಸ್ ಒಲೆ ಒಗ್ಗದೆ ಇಟ್ಟಿಗೆ ಇಟ್ಟು ಒಲೆ ಹೂಡಿ, ಹನ್ನೊಂದೂವರೆಗೆ ನೂರೈವತ್ತನ್ನೂ ಮುಗಿಸಿದಳು. ನಾಡಗೀತೆ ಶುರುವಾಗುವಾಗ ಆಕೆ ಕೈ ತೊಳೆಯುತ್ತಿದ್ದಳು. ಹಾಡು ಮುಗಿಯುವ ತನಕ ಮೂಲೆಯಲ್ಲಿ ಸುಮ್ಮನೆ ನಿಂತಳು. ಆಮೇಲೆ ನಾನು 1500 ರೂಪಾಯಿ ಎಣಿಸಿ ಕೊಟ್ಟೆ, ಒಂದಿಷ್ಟು ಹೋಳಿಗೆ ಕಟ್ಟಿಕೊಟ್ಟೆ. “ಬರ್ತೀನ್ರಿ ಅಕ್ಕೋರ” ಎಂದು ಹೋದಳು. ಆಮೇಲೆ ಒಬ್ಬರು ಭಾಷಣ ಮಾಡಿದರು. ಎಲ್ಲಾದರೂ ಇರಲಿ, ಕನ್ನಡ ಆಡುವವರೆಲ್ಲ ಒಂದೇ ಮನೆಯವರು ಎಂಬ ಅರ್ಥದ ಮಾತುಗಳು. ನಾನು ಚಪ್ಪಾಳೆ ತಟ್ಟಿದೆ. ಮಧ್ಯಾಹ್ನ ಬಿಸಿಲು ಜೋರಿತ್ತು, ಸಂಜೆ ಐದಕ್ಕೆ ಎಲ್ಲರೂ ಸ್ವೆಟರ್ ಹಾಕಿಕೊಂಡರು, ಅಂತ್ಯಾಕ್ಷರಿ ಆಡಿದೆವು.

ಆ ರಾತ್ರಿ ಪಾತ್ರೆ ತಿಕ್ಕುವಾಗ ನಾನು ಮನೆಯವರಿಗೆ ಕೇಳಿದೆ, ಆಕೆಯನ್ನು ಊಟಕ್ಕೆ ಕೂರು ಅನ್ನಬೇಕಿತ್ತಲ್ಲವೇ ಎಂದು. ಅವರು ಯೋಚಿಸಿಯೇ ಉತ್ತರ ಕೊಟ್ಟರು. ಆಕೆ ಕೆಲಸಕ್ಕೆ ಬಂದಿದ್ದಳು, ಕೇಳಿದಷ್ಟು ಕೂಲಿ ಕೊಟ್ಟೆವು, ಚೌಕಾಸಿಯನ್ನೂ ಒಪ್ಪಲಿಲ್ಲ. ಗುರುತಿಲ್ಲದ ಐವತ್ತು ಜನರ ನಡುವೆ, ಒಲೆ ಮುಂದೆ ಕೂತ ಸೀರೆಯಲ್ಲಿ ಕೂರಿಸಿದ್ದರೆ ಆಕೆಗೆ ಮುಜುಗರವಾಗುತ್ತಿರಲಿಲ್ಲವೇ? ನಮ್ಮ ಮನಸ್ಸಿನ ಸಮಾಧಾನಕ್ಕೆ ಇನ್ನೊಬ್ಬರನ್ನು ಪ್ರದರ್ಶನಕ್ಕಿಡುವುದು ಸರಿಯೇ? ದುಡ್ಡಿನ ಸಂಬಂಧ ಸ್ವಚ್ಛ, ಅದಕ್ಕೆ ಬಂಧುತ್ವದ ಒಗ್ಗರಣೆ ಹಾಕಿದರೆ ಕೂಲಿ ಕಡಿಮೆ ಮಾಡುವ ದಾರಿಯಾಗುತ್ತದೆ ಅಷ್ಟೇ ಎಂದರು.

ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ‘ನೀನು ಮನೆಯವಳ ಹಾಗೆ’ ಎನ್ನುತ್ತ ಸಂಬಳ ಏರಿಸದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಆದರೂ ಮುಜುಗರ ಆಕೆಗಾಗುತ್ತಿತ್ತು ಎಂದು ನಮಗೆ ಹೇಗೆ ಗೊತ್ತು? ನಾವು ಕೇಳಲೇ ಇಲ್ಲ. ಮುಜುಗರ ನಮ್ಮದಿತ್ತು. ಅದನ್ನು ಆಕೆಯ ಹೆಸರಿಗೆ ಬರೆದೆವು.

ಮಾಸ್‌ನದೇ ಇನ್ನೊಂದು ಹಳೆಯ ಕೆಲಸವಿದೆ, ಹಾಂರಿ ಬೋಶಾ ಎಂಬುವನ ಜೊತೆ ಸೇರಿ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬರೆದದ್ದು. ಉತ್ತರ ಧ್ರುವದ ಹಿಮಪ್ರದೇಶದ ಇನ್ಯುಯಿಟ್ ಜನ ಬೇಸಿಗೆಯಲ್ಲಿ ಒಂದೊಂದು ಕುಟುಂಬ ಒಂದೊಂದು ಡೇರೆಯಾಗಿ ಚದುರಿ ಬದುಕುತ್ತಾರೆ, ಚಳಿಗಾಲದಲ್ಲಿ ಹಲವು ಕುಟುಂಬಗಳು ಒಂದೇ ಮನೆಯಲ್ಲಿ ಒತ್ತಿಕೊಂಡು ಇರುತ್ತವೆ. ಬರೀ ವಸತಿ ಬದಲಾಗುವುದಿಲ್ಲ, ಧರ್ಮ ಬದಲಾಗುತ್ತದೆ, ಆಸ್ತಿಯ ನಿಯಮ ಬದಲಾಗುತ್ತದೆ. ಬೇಸಿಗೆಯಲ್ಲಿ ‘ನನ್ನದು’ ಎನ್ನುವುದು ಚಳಿಯಲ್ಲಿ ‘ನಮ್ಮದು’. ಒಂದೇ ಜನಕ್ಕೆ ಎರಡು ಋತು, ಎರಡು ನೀತಿ. ಭೋರಿನ ಚಳಿ ಅದರ ಮುಂದೆ ಚಳಿಯೇ ಅಲ್ಲ ಬಿಡಿ. ಆದರೂ ಡಿಸೆಂಬರಿನ ಶೇಕೋಟಿಯ ಸುತ್ತ ಕೂತಾಗ ನನಗೆ ಒಂದು ಅನುಮಾನ ಬರುತ್ತಿತ್ತು. ಬೆಂಕಿ ಹತ್ತಿರ ಕರೆಯುವುದು ಯಾರನ್ನು? ಈಗಾಗಲೇ ವರ್ತುಲದಲ್ಲಿ ಇರುವವರನ್ನೇ ಇನ್ನಷ್ಟು ಒತ್ತಾಗಿ ಕೂರಿಸುತ್ತದೆ. ಒತ್ತಾಗಿ ಕೂತ ವರ್ತುಲದಲ್ಲಿ ಹೊಸಬರಿಗೆ ಜಾಗ ಇನ್ನೂ ಕಡಿಮೆ. ನಮ್ಮ ಶೇಕೋಟಿಯಿಂದ ನೂರು ಹೆಜ್ಜೆಗೆ ಶೆಡ್ಡಿನವರ ಬೆಂಕಿ ಕಾಣುತ್ತಿತ್ತು. ಎರಡೂ ಕಡೆಯವರು ಒಂದೇ ಚಳಿಗೆ ಕೈ ಚಾಚಿದ್ದೆವು, ಎರಡು ಬೆಂಕಿಗೆ.

ಡಿಸೆಂಬರ್ ಕೊನೆಯಲ್ಲಿ ಆಕೆ ನಮ್ಮ ಗೇಟಿನ ಹತ್ತಿರ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ. “ಸೋಮಾರ ಎಳ್ಳಮಾಸಿ ಅದರಿ. ಮಧ್ಯಾನ ಊಟಕ್ಕ ಬರ್ರಿ. ನಿಮ್ಮೋರನೂ ಮಗಳನೂ ಕರ್ಕೊಂಡ ಬರ್ರಿ.”

ಎಳ್ಳಮಾವಾಸ್ಯೆ ಎಂದರೆ ಏನೆಂದು ದಕ್ಷಿಣದ ಓದುಗರಿಗೆ ಎರಡು ಮಾತು. ಹಿಂಗಾರಿ ಜೋಳ, ಕಡಲೆ ಹಸಿರಾಗಿ ನಿಂತಿರುವಾಗ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ಸಜ್ಜೆರೊಟ್ಟಿ, ಕಡಬು, ಹಲವು ಸೊಪ್ಪು ಕಾಳು ಕೂಡಿಸಿದ ಭಜ್ಜಿ, ಶೇಂಗಾ ಹಿಂಡಿ, ಕೆನೆ ಮೊಸರು. ಮಹಾರಾಷ್ಟ್ರದಲ್ಲೂ ಲಾತೂರ್ ಕಡೆ ಇದೇ ಹಬ್ಬವನ್ನು ಯೇಳವಸ ಎನ್ನುತ್ತಾರೆ, ನಮ್ಮ ಹೆಸರೇ ಸವೆದದ್ದು ಅನ್ನಿಸುತ್ತದೆ. ಭೋರಿನ ನಮ್ಮ ಓಣಿಯಲ್ಲಿ ಇದನ್ನು ಮಾಡುವವರಿಲ್ಲ. ಈ ಹಬ್ಬದ ಒಂದು ಪದ್ಧತಿ ಎಂದರೆ ಕರೆಯುವುದು. ಹೊಲ ಇಲ್ಲದವರನ್ನು, ಪೇಟೆಯ ಪರಿಚಯದವರನ್ನು, ದಾರಿಯಲ್ಲಿ ಸಿಕ್ಕವರನ್ನು. ನನ್ನ ಬಾಲ್ಯದಲ್ಲಿ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು, ಇಪ್ಪತ್ತು ಮೂವತ್ತು ಜನ ಉಣ್ಣುತ್ತಿದ್ದರು.

ಈಕೆಗೆ ಇಲ್ಲಿ ಹೊಲವಿರಲಿಲ್ಲ. ಊರಲ್ಲೂ ಇದ್ದದ್ದು ಎರಡೆಕರೆ, ಬಡ್ಡಿಗೆ ಹೋಗಿತ್ತು. ಶೆಡ್ಡಿನ ಹಿಂದೆ ಯಾರದೋ ಜೋಳದ ಹೊಲದ ಬದುವಿನಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ ಚರಗ ಚೆಲ್ಲುತ್ತೇವೆ, ಹೊಲದವರು ‘ಮಾಡಿರಿ’ ಎಂದಿದ್ದಾರೆ ಅಂದಳು. ಖುಷಿಯಲ್ಲಿದ್ದಳು. ನಾನು ಬರುತ್ತೇನೆ ಎಂದೆ.

30ನೇ ತಾರೀಖು ಸೋಮವಾರ. ವರ್ಷದ ಕೊನೆ, ಲೆಕ್ಕದವರಿಗೆ ಕೆಲಸ ಹೆಚ್ಚು. ಹನ್ನೆರಡಕ್ಕೆ ಒಂದು ಮೀಟಿಂಗ್ ಇತ್ತು, ಅದು ನಿಜ. ಆದರೆ ಒಂದು ಗಂಟೆಗೆ ಮುಗಿಯಿತು, ಅದೂ ನಿಜ. ಹಿತ್ತಲ ಕಿಟಕಿಯಿಂದ ನೋಡಿದರೆ ಬದುವಿನಲ್ಲಿ ಹದಿನೈದು ಜನ ಕೂತಿದ್ದರು. ಆಕೆ ಎರಡು ಸಲ ಎದ್ದು ನಮ್ಮ ಮನೆ ಕಡೆ ನೋಡಿದಳು. ನಾನು ಕಿಟಕಿಯಿಂದ ಸರಿದೆ.

ಯಾಕೆ ಹೋಗಲಿಲ್ಲ? ಈ ಹತ್ತು ತಿಂಗಳಲ್ಲಿ ಬೇರೆ ಬೇರೆ ಉತ್ತರ ಹೇಳಿಕೊಂಡಿದ್ದೇನೆ. ನೀರು ಎಲ್ಲಿಯದೋ ಎಂಬ ಭಯ. ಅವರ ಕಷ್ಟದ ಊಟದಲ್ಲಿ ನಾವು ಮೂರು ಪಾಲು ಯಾಕೆ ತಿನ್ನಬೇಕು ಎಂಬ ಔದಾರ್ಯ. ಟೆರೇಸಿನಿಂದ ಕಾಕೂ ನೋಡಿದರೆ ಎಂಬ ಸಂಕೋಚ. ಇವುಗಳ ಕೆಳಗೆ ಇನ್ನೊಂದಿದೆ. ಜಮಖಂಡಿಯ ನಮ್ಮ ಮನೆಯ ಹಿತ್ತಲ ಗೂಡಿನಲ್ಲಿ ಎರಡು ಲೋಟ ಇರುತ್ತಿದ್ದವು, ಹೊಲದ ಆಳುಗಳಿಗೆ. ಎಳ್ಳಮಾವಾಸ್ಯೆಯಂದು ಎಲ್ಲರೂ ಒಂದೇ ಹೊಲದಲ್ಲಿ ಉಣ್ಣುತ್ತಿದ್ದೆವು ಎಂದು ಮೇಲೆ ಹೆಮ್ಮೆಯಿಂದ ಬರೆದೆ. ಸಾಲು ಬೇರೆ ಇತ್ತು ಎಂಬುದನ್ನು ಬರೆಯಲಿಲ್ಲ. ಅಪ್ಪ ಧಾರಾಳಿ, ಆಳುಗಳಿಗೆ ಮೊದಲು ಬಡಿಸಿ ಎನ್ನುತ್ತಿದ್ದ. ಆಳಿನ ಮನೆಯಲ್ಲಿ ಅಪ್ಪ ಉಂಡದ್ದನ್ನು ನಾನು ಕಂಡಿಲ್ಲ. ಬಡಿಸುವುದು ನಮಗೆ ಬರುತ್ತಿತ್ತು, ಬಡಿಸಿಕೊಳ್ಳುವುದು ಬರುತ್ತಿರಲಿಲ್ಲ.

ಸಂಜೆ ತಪ್ಪಿನ ಭಾರಕ್ಕೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಮಗಳ ಹಳೆಯ ಎರಡು ಸ್ವೆಟರು, ಒಂದು ಶಾಲು, ಒಂದು ಬಿಸ್ಕತ್ತಿನ ಪ್ಯಾಕೆಟ್ಟು ಚೀಲಕ್ಕೆ ಹಾಕಿ ಗೇಟಿನಲ್ಲಿ ಕಂಡ ಆಕೆಯ ಮಗನ ಕೈಯಲ್ಲಿ ಕಳಿಸಿದೆ. ಮೀಟಿಂಗ್ ಇತ್ತು ಅಂತ ಹೇಳು ಎಂದೆ. ಊಟಕ್ಕೆ ಕರೆದವರಿಗೆ ಹಳೆ ಬಟ್ಟೆ ಕಳಿಸಿದ್ದೆ.

ಮರುದಿನ ಬೆಳಿಗ್ಗೆ ಆಕೆಯೇ ಬಂದಳು. ಅದೇ ಚೀಲ, ಮಡಿಸಿ ತಂದಿದ್ದಳು. ಒಳಗೆ ಒಂದು ಸ್ಟೀಲ್ ಡಬ್ಬಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಕಡಬು. “ಚೀಲ ಖಾಲಿ ಹ್ಯಾಂಗ ಕೊಡ್ಲಿರಿ” ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ಅವತ್ತು ಅಕ್ಕೋರ ಅನ್ನಲಿಲ್ಲ. ಸ್ವೆಟರು ಹುಡುಗನಿಗೆ ಸರಿಯಾಯಿತು ಎಂದಳು. ಹೊರಟುಹೋದಳು.

ಆ ದಿನದಿಂದ ನನ್ನ ತಲೆಯಲ್ಲಿ ಕೂತ ಪ್ರಶ್ನೆ ಇದು. ಒಬ್ಬರನ್ನು ಊಟಕ್ಕೆ ಕರೆಯುವುದು ಎಂದರೆ ಏನು? ಹೊಟ್ಟೆ ತುಂಬಿಸುವುದಲ್ಲ, ನನ್ನ ಹೊಟ್ಟೆ ತುಂಬಿಯೇ ಇತ್ತು, ಅದು ಆಕೆಗೂ ಗೊತ್ತಿತ್ತು. ಕರೆಯಬೇಕಾದರೆ ಮೊದಲು ಕರೆಯಲು ಒಂದು ಮನೆ ಇರಬೇಕು. ಮೂರು ತಗಡು, ಯಾರದೋ ಹೊಲದ ಬದು, ಆರು ತಿಂಗಳಿಗೆ ಮುಗಿಯುವ ಕೆಲಸ. ಆ ಜಾಗವನ್ನು ಆಕೆ ಒಂದು ದಿನದ ಮಟ್ಟಿಗೆ ತನ್ನ ಮನೆ ಅಂದುಕೊಂಡು ಅದಕ್ಕೆ ಅತಿಥಿಯನ್ನು ಕರೆದಿದ್ದಳು. ಅತಿಥಿ ಹೋಗಿದ್ದರೆ ಅದು ಮನೆಯಾಗುತ್ತಿತ್ತು. ಇದು ನನಗೆ ತಿಳಿಯದ ವಿಷಯವೇನಲ್ಲ. ಭೋರಿಗೆ ಬಂದ ಮೊದಲ ಎಂಟು ತಿಂಗಳು ನಮ್ಮದು ಬರೀ ಬಾಡಿಗೆಯ ಎರಡು ಕೋಣೆ. ಒಂದು ಸಂಜೆ ಆಜಿ ಕೋಲೂರುತ್ತ ಮೆಟ್ಟಿಲೇರಿ ಬಂದು, ನೆಲದ ಮೇಲೆ ಕೂತು, ನಾನು ಮಾಡಿದ ಜುಣಕದ ವಡಿ ತಿಂದು, ಉಪ್ಪು ಹೆಚ್ಚು ಎಂದು ಬೈದು ಹೋದರು. ಅವತ್ತು ರಾತ್ರಿ ನಾನು ಊರಿಗೆ ಫೋನ್ ಮಾಡಿದಾಗ ಮೊದಲ ಸಲ ‘ಮನೆ’ ಎಂದೆ. ವಲಸೆ ಬಂದ ನಮಗೆ ಆಜಿ ಕೊಟ್ಟದ್ದನ್ನು, ನಮಗಿಂತ ಆಮೇಲೆ ವಲಸೆ ಬಂದವಳಿಗೆ ನಾನು ಕೊಡಲಿಲ್ಲ. ಖರ್ಚೇನೂ ಇರಲಿಲ್ಲ. ನೂರು ಹೆಜ್ಜೆ ನಡೆದು ಹೋಗಿ ಕೂರಬೇಕಿತ್ತು, ಬೇಕಾದರೆ ಉಪ್ಪು ಹೆಚ್ಚು ಎನ್ನಬಹುದಿತ್ತು.

ದಾಸೋಹ ಎಂಬ ಮಾತನ್ನು ನಾವು ಎಷ್ಟು ಸಸಾರ ಮಾಡಿದ್ದೇವೆ ಎಂದೂ ಆಮೇಲೆ ಹೊಳೆಯಿತು. ರಾಜ್ಯೋತ್ಸವದ ದಿನ ರೊಟ್ಟಿ ಬಡಿಯುತ್ತ ಆಕೆ ಕಲಬುರಗಿಯ ಶರಣಬಸವೇಶ್ವರರ ಗುಡಿಯ ದಾಸೋಹದ ಸುದ್ದಿ ಹೇಳಿದ್ದಳು, ಹರಕೆ ಹೊತ್ತು ಅಲ್ಲಿ ರೊಟ್ಟಿ ಬಡಿದು ಬಂದಿದ್ದಳಂತೆ. ಅನ್ನ ಹಾಕುವವನು ದೊಡ್ಡವನು, ಉಣ್ಣುವವನು ಚಿಕ್ಕವನು ಎಂಬ ಲೆಕ್ಕವನ್ನು ಹನ್ನೆರಡನೇ ಶತಮಾನದ ಶರಣರು ತಿರುಗಿಸಿ ಇಟ್ಟರು. ಅಲ್ಲಿ ನೀಡುವವನು ದಾಸ, ಬಂದು ಉಂಡವನಿಂದಲೇ ಅವನಿಗೆ ಉಪಕಾರ. ಹಾಗೆ ನೋಡಿದರೆ ಎಳ್ಳಮಾವಾಸ್ಯೆಯಂದು ಆಕೆ ನನ್ನಲ್ಲಿ ಒಂದು ಉಪಕಾರ ಬೇಡಿದ್ದಳು. ನಾನು ಅದನ್ನು ಕೊಡದೆ ಸ್ವೆಟರು ಕೊಟ್ಟೆ.

ಮಾಸ್ ಹೇಳಿದ ಮೂರರಲ್ಲಿ ನಮ್ಮಂಥ ಓದಿದವರಿಗೆ ನಡುವಿನದೇ ಕಷ್ಟ ಅನ್ನಿಸುತ್ತದೆ, ತೆಗೆದುಕೊಳ್ಳುವುದು. ಕೊಡುವುದಕ್ಕೆ ನಮಗೆ ಗೂಗಲ್ ಪೇ ಇದೆ, ವರ್ಷಕ್ಕೊಮ್ಮೆ ಅನಾಥಾಶ್ರಮ ಇದೆ, ಮಗಳ ಹುಟ್ಟುಹಬ್ಬಕ್ಕೆ ಕಂಬಳಿ ಹಂಚುವ ಕಾರ್ಯಕ್ರಮ ಇದೆ. ಚಳಿಗಾಲ ಬಂದರೆ ನಮ್ಮ ಕನ್ನಡ ಗುಂಪಿನಲ್ಲೂ ಕಂಬಳಿಯ ಮಾತು ಬರುತ್ತದೆ. ಅದು ಬೇಡ ಎನ್ನುತ್ತಿಲ್ಲ, ಚಳಿಗೆ ಕಂಬಳಿ ಬೇಕೇ ಬೇಕು. ಆದರೆ ಕಂಬಳಿ ಕೊಟ್ಟವರ ಕೈಗೆ ಯಾರೂ ಏನೂ ತಿರುಗಿ ಇಡಲಾರದ ಹಾಗೆ ನಾವು ಕೊಡುತ್ತೇವೆ. ಫೋಟೋ ತೆಗೆದು ಹೊರಟುಬಿಡುತ್ತೇವೆ.

ಡಬ್ಬಿಯ ಕತೆ ಮುಗಿದಿಲ್ಲ. ಸಂಕ್ರಾಂತಿಗೆ ತುಂಬಿಸಿ ಕೊಡೋಣ, ಈ ಸಲ ನಾನೇ ಶೆಡ್ಡಿಗೆ ಹೋಗಿ ಕೂತು ಬರೋಣ ಎಂದುಕೊಂಡೆ. ಇಲ್ಲಿ ಸಂಕ್ರಾಂತಿಗೆ ತಿಳಗೂಳ, ಅಂದರೆ ಎಳ್ಳು ಬೆಲ್ಲದ ಉಂಡೆ. ಹನ್ನೆರಡನೇ ತಾರೀಖು ಭಾನುವಾರ ಆಜಿಯ ಕೈಯಲ್ಲಿ ಪಾಕ ನೋಡಿಸಿಕೊಂಡು ಮಾಡಿದೆ. ಹದಿಮೂರಕ್ಕೆ ಹೋಗಿ ನೋಡಿದರೆ ಶೆಡ್ಡಿನ ತಗಡು ಬಿಚ್ಚುತ್ತಿದ್ದರು. ಸ್ಲ್ಯಾಬಿನ ಕೆಲಸ ಮುಗಿದಿತ್ತು, ಹಿಂದಿನ ದಿನ ರಾತ್ರಿ ಒಂದು ಟೆಂಪೋದಲ್ಲಿ ಎಲ್ಲರೂ ಹೋದರಂತೆ. ಕಾವಲುಗಾರನಿಗೆ ಗೊತ್ತಿದ್ದದ್ದು ಪುಣೆಯ ಕಡೆ ಹೋದರು ಎಂಬುದು ಮಾತ್ರ. ಪುಣೆಯಲ್ಲಿ ತಗಡಿನ ಶೆಡ್ಡುಗಳು ಎಷ್ಟಿವೆ ಎಂದು ಪುಣೆಯಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಅವರ ಒಲೆಯ ಮೂರು ಕಲ್ಲು ಅಲ್ಲೇ ಇದ್ದವು, ಕಪ್ಪಾಗಿ. ಆಕೆಯ ಫೋನ್ ನಂಬರ್ ನನ್ನ ಹತ್ತಿರ ಇರಲಿಲ್ಲ. ರೊಟ್ಟಿ ಬೇಕಾದಾಗ ಹಿತ್ತಲಿನಿಂದ ಕೂಗುತ್ತಿದ್ದೆ.

ತಿಳಗೂಳ ಓಣಿಯ ಮಕ್ಕಳಿಗೆ ಹಂಚಿದೆ. ಡಬ್ಬಿ ತೊಳೆದು ಮೇಲಿನ ಹಲಗೆಯಲ್ಲಿಟ್ಟೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದಾರೆ, ಕನ್ನಡದಲ್ಲಿ. ಮದುವೆಯಲ್ಲಿ ಯಾರೋ ಮುಯ್ಯಿ ಮಾಡಿದ್ದಿರಬೇಕು. ಅಂದರೆ ಆ ಡಬ್ಬಿಗೇ ಒಂದು ಹಳೆಯ ಋಣವಿದೆ, ಅದರ ಮೇಲೆ ನನ್ನದೊಂದು.

ಈಗ ಮತ್ತೆ ಅಕ್ಟೋಬರ್. ಆಜ ಮಂಚ ಹೊರಗೆ ಬಂದಿದೆ. ಹಿಂದಿನ ಕಟ್ಟಡದಲ್ಲಿ ಜನ ವಾಸಕ್ಕೆ ಬಂದಿದ್ದಾರೆ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿವೆ. ಮೊನ್ನೆ ಫರಾಳದ ತಯಾರಿಗೆ ಡಬ್ಬಿಗಳನ್ನು ಕೆಳಗಿಳಿಸುವಾಗ ಆಜಿ ಅದನ್ನು ಎತ್ತಿ ಹಿಡಿದು ಇದು ಯಾರದು ಎಂದು ಕೇಳಿದರು. ಹೇಳಿದೆ, ಕಿಟಕಿಯಿಂದ ಸರಿದದ್ದನ್ನೂ ಬಿಡದೆ. ಅವರು ಮುಚ್ಚಳ ತೆಗೆದು ನೋಡಿದರು. ನಾಲ್ಕು ವರ್ಷದ ಹಿಂದೆ ನೋಡಿದಂತೆಯೇ. ಈ ಸಲ ಸಕ್ಕರೆ ತರಲಿಲ್ಲ. “ಆ ಗುತ್ತಿಗೆದಾರ ನನ್ನ ಮಗನಿಗೆ ಗೊತ್ತು, ದೀಪಾವಳಿಗೆ ಮನೆಗೆ ಬರುತ್ತಾನೆ. ಎಲ್ಲಿ ಕರೆದುಕೊಂಡು ಹೋದೆ ಎಂದು ಕೇಳಿಸುತ್ತೇನೆ” ಎಂದು ಡಬ್ಬಿಯನ್ನು ತಮ್ಮ ಮಂಚದ ಪಕ್ಕ ಇಟ್ಟುಕೊಂಡರು. ಆಮೇಲೆ, ಚಕಲಿಗೆ ಭಾಜಣಿ ಹುರಿದಾಯಿತಾ ಎಂದು ಕೇಳಿದರು. ಇಲ್ಲ ಎಂದೆ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಬಾ ಎಂದರು.